ಕಾರಿನ ಮೈಗೆ ನೆರಳು

ಕಾರುಗಳಿಗೆ ಬಣ್ಣ ಬಳಿಯುವುದು ನಿಂತು ಜೀವಂತ ಚರ್ಮ ಬೆಳೆಸುವುದು ಶುರುವಾದಾಗ, ಅದನ್ನು ಖಂಡಿಸಿ ಊರಿನಲ್ಲಿ ಮೊದಲ ಕರಪತ್ರ ಬರೆದವನು ನಾನೇ. ಈಗ ಪ್ರತಿ ಭಾನುವಾರ ನನ್ನ ನೀಲಿ ಚರ್ಮದ ಕಾರಿಗೆ ಕಡಲೆಹಿಟ್ಟು ಹಚ್ಚಿ ತೊಳೆದು, ಹಳೆಯ ಧೋತರದಿಂದ ಒತ್ತಿ ಒರೆಸಿ, ಕೊಬ್ಬರಿ ಎಣ್ಣೆ ತಿಕ್ಕುವವನೂ ನಾನೇ. ಇಲ್ಲದಿದ್ದರೆ ಅದರ ಮೈ ಒಡೆಯುತ್ತದೆ, ನೋಡಲಾಗುವುದಿಲ್ಲ.

ಈ ಭಾನುವಾರ ಬೀದಿ ಗುಡಿಸುವವರಿಗೆ ನೆರಳು ಬೇಕೆಂದು ಮೆರವಣಿಗೆ ಇತ್ತು. ಮೊದಲು ಬಂಧನಕ್ಕೊಳಗಾಗುವವನು ನಾನು ಎಂದು ಸಭೆಯಲ್ಲಿ ಗುಡುಗಿದ್ದೆ.

"ಮೆರವಣಿಗಿ ಮುಗೀತೇನೋ, ನೀವಿನ್ನೂ ಕಾರಿನ ಬಾಗಲಾ ಒರಸಾಕತ್ತೀರಿ," ಎಂದಳು ಹೆಂಡತಿ ಇಂದುಮತಿ.

"ಹಸಿ ಮೈಯಾಗ ಬಿಸಲಿಗೆ ಬಿಟ್ರ ಗುಳ್ಳಿ ಏಳ್ತಾವ ಮಾರಾಯ್ತಿ."

"ಮಕ್ಕಳ ತಲಿ ಒಂದಿನಾರ ಹಿಂಗ ಒರಸೀರೇನು?"

ಅಷ್ಟರಲ್ಲಿ ಗೇಟಿನ ಮುಂದೆ ಪೊಲೀಸ್ ವ್ಯಾನ್ ನಿಂತಿತು. ಜಾಲರಿಯ ಹಿಂದೆ ಮೆರವಣಿಗೆಗೆ ಹೋಗಿದ್ದ ನನ್ನ ಸಂಗಾತಿಗಳೆಲ್ಲ ಬೆವರುತ್ತಿದ್ದರು. ಇನ್ಸ್‌ಪೆಕ್ಟರ್ ಹಡಪದ ಇಳಿದು ಬಂದರು. ಬೇಡಿ ಹಾಕಲೆಂದು ನಾನು ಎಣ್ಣೆಗೈಗಳನ್ನು ಮುಂದೆ ಚಾಚಿದೆ.

ಅವರು ಕಾರಿನ ಬೆನ್ನು ಸವರಿದರು. "ಎಷ್ಟ್ ಮೆತ್ತಗ ಐತ್ರಿ ಸರ! ನಮ್ಮ ವ್ಯಾನಿಗೆ ಭಾಳ ತುರಿಕಿ. ಏನ್ ಹಚ್ಚತೀರಿ?"

"ನನ್ನ ಹಿಡಿಯೂದಿಲ್ಲೇನ್ರಿ?"

"ನಿಮ್ಮನ್ನ ಯಾಕ್ರಿ? ನೀವು ಮನ್ಯಾಗ ಅದೀರಲ್ಲ."

ಎಣ್ಣೆಯ ಬಾಟಲಿ ಕೊಟ್ಟೆ. ವ್ಯಾನ್ ಹೊರಟಾಗ ತಡೆಯಲಾರದೆ ಹಿಂದೆ ಓಡಿ ಕೂಗಿದೆ: "ತೊಳದ ಮ್ಯಾಲ ನೆರಳು ಕೊಡ್ರೀ!"

ಕೊನೆಗೂ ನಾನು ಬೀದಿಗೆ ಇಳಿದೆನೆಂದುಕೊಂಡ ಸಂಗಾತಿಗಳು ಜಾಲರಿಯ ಹಿಂದೆ ಮುಷ್ಟಿ ಎತ್ತಿ ದನಿಗೂಡಿಸಿದರು: "ನೆರಳು ಕೊಡ್ರೀ!"