ನೀಲವ್ವನ ಪೆಟ್ಟಿಗೆಯ ವೀಸಾ

ಸತ್ತವರ ಕಾಗದಪತ್ರಗಳಿಗೂ ವರ್ಷಕ್ಕೊಮ್ಮೆ ವೀಸಾ ಮಾಡಿಸಬೇಕಿತ್ತು. ದಾಖಲೆ ಭಂಡಾರದ ಫಿಲೋಮಿನಾ, ತೀರಿಹೋದ ಕವಯಿತ್ರಿ ನೀಲವ್ವನ ಪೆಟ್ಟಿಗೆ ಹೊತ್ತು ಟೊರಾಂಟೊದ ವಲಸೆ ಕಚೇರಿಗೆ ಬಂದಿದ್ದಳು.

ಗುಮಾಸ್ತ ದಿನಚರಿ, ದಿನಸಿ ಚೀಟಿಗಳಿಗೆಲ್ಲ ಠಸ್ಸೆ ಒತ್ತಿ, ಒಂದು ಕವಿತೆ ಕಂಡು ತಡೆದ.

"ಇದು ಮುಗಿದಿಲ್ಲ ಮೇಡಂ, ಕೊನೇ ಸಾಲೇ ಇಲ್ಲ. ಮುಗೀದೇ ಇರೋದನ್ನ ಹುಟ್ಟೂರಿನ ವಿಮಾನ ಹತ್ತಿಸ್ತೀವಿ."

"ಒಂದು ಸಾಲು ತಾನೇ ಸಾರ್, ನಾನೇ ಬರೆದುಬಿಡ್ತೇನೆ," ಎಂದು ಫಿಲೋಮಿನಾ ಪೆನ್ನು ತೆಗೆದಳು.

ಆಮೇಲೆ ಕವಿತೆ ಓದಿದಳು. ಹುಟ್ಟೂರು ಗಜೇಂದ್ರಗಡದ ಹಿತ್ತಲು, ಅವ್ವನ ಒಲೆ. ಮೂವತ್ತು ವರ್ಷ ಇಲ್ಲಿನ ಗ್ರಂಥಾಲಯದಲ್ಲಿ ಇದೇ ವೀಸಾ ನಿಯಮಗಳ ಪುಸ್ತಕವನ್ನು ಓದುಗರಿಗೆ ಹುಡುಕಿಕೊಟ್ಟಿದ್ದ ನೀಲವ್ವ, ದಿನಸಿ ಚೀಟಿಯ ಕೆಳಗೂ 'ಮುಗಿಯಿತು' ಎಂದು ಬರೆದಿದ್ದಳು. ಇದೊಂದರಲ್ಲಿ ಮಾತ್ರ ಬರೆದಿರಲಿಲ್ಲ.

ಫಿಲೋಮಿನಾ ಪೆನ್ನಿಗೆ ಮುಚ್ಚಳ ಹಾಕಿದಳು.

"ಇದಕ್ಕೆ ಕಿಟಕಿ ಪಕ್ಕದ ಸೀಟು ಕೊಡಿ ಸಾರ್."