ಹಿಂದಿನ ಸೀಟಿನ ಅನುಭವ

"ಗಾಡಿ ಓಡಿಸಿ ಅನುಭವ ಇದೆಯಾ ಅಮ್ಮಾ?" ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ ನಿಂತಿದ್ದ ಇನ್‌ಸ್ಪೆಕ್ಟರಮ್ಮ ಕೇಳಿದಳು.

"ಇಲ್ದೆ ಏನು! ಮದುವೆಯಾದ ಹೊಸದರಲ್ಲಿ ಸೈಕಲ್ ಬಾರಿನ ಮೇಲೆ. ಮಗು ಆದ್ಮೇಲೆ ಬಾರು ಅದರ ಪಾಲಾಯ್ತು, ನಾನು ಹಿಂದೆ ಕ್ಯಾರಿಯರಿಗೆ ಹೋದೆ. ಆಮೇಲೆ ಮೊಪೆಡ್ಡು. ಅದು ಕೆಟ್ಟು ಕೂತ್ಮೇಲೆ ಈ ಸ್ಕೂಟರು," ಎಂದಳು ಟೈಲರಮ್ಮ.

"ಎಲ್ಲಾನೂ ನೀವೇ ಓಡಿಸಿದ್ದಾ?"

"ಎಲ್ಲಾದರ ಮೇಲೂ ಕೂತಿದ್ದೀನಿ."

ಇನ್‌ಸ್ಪೆಕ್ಟರಮ್ಮ ನಗು ನುಂಗಿಕೊಂಡು, ನೆಲದ ಮೇಲೆ ಸುಣ್ಣದಲ್ಲಿ ಎಳೆದಿದ್ದ ದೊಡ್ಡ ಎಂಟನ್ನು ತೋರಿಸಿದಳು. ಕಾಲು ನೆಲಕ್ಕೆ ತಾಗದಂತೆ ಅದರ ಮೇಲೆ ಒಂದು ಸುತ್ತು ಬರಬೇಕು. ಟೈಲರಮ್ಮ ಸೀರೆಯ ಸೆರಗು ಸಿಕ್ಕಿಸಿ ಹ್ಯಾಂಡಲ್ ಹಿಡಿದಳು. ಅಷ್ಟರಲ್ಲಿ ಅವಳ ಗಂಡ ಟೈಲರ್, ಹೆಲ್ಮೆಟ್ ಹಾಕಿಕೊಂಡು, ಹಿಂದಿನ ಸೀಟು ಹತ್ತಲು ಕಾಲೆತ್ತಿದ.

"ಯಜಮಾನ್ರೇ, ನೀವೆಲ್ಲಿಗೆ? ಅವರೊಬ್ಬರೇ ಓಡಿಸ್ಬೇಕು."

ಗಂಡ ಹೆಂಡತಿ ಇಬ್ಬರ ಮುಖವೂ ಪೆಚ್ಚಾಯಿತು. ಟೈಲರನ ಕಣ್ಣಿಗೆ ಎದುರಿಗಿರುವ ಸೂಜಿಯ ಕಣ್ಣು ಕಾಣುತ್ತಿತ್ತು, ಪಕ್ಕದಿಂದ ಬರುವ ಬಸ್ಸು ಕಾಣುತ್ತಿರಲಿಲ್ಲ. ಹೊಲಿಯೋದಕ್ಕೆ ತೊಂದರೆಯಿಲ್ಲ, ಗಾಡಿ ಮಾತ್ರ ಮುಟ್ಟಬೇಡಿ ಎಂದಿದ್ದರು ಡಾಕ್ಟರು. ಅಂದಿನಿಂದ ಮನೆಮನೆಗೆ ತಲುಪಿಸಬೇಕಾದ ಬಟ್ಟೆ ಅಂಗಡಿಯಲ್ಲೇ ಗಂಟಾಗಿ ಬಿದ್ದಿತ್ತು, ಗಿರಾಕಿಗಳು ಮುಖ ಸಿಂಡರಿಸತೊಡಗಿದ್ದರು. ಇವತ್ತು ಅವಳು ಪಾಸಾದರೆ, ಜೊತೆಗೆ ತಂದು ಪಕ್ಕದಲ್ಲಿಟ್ಟಿದ್ದ ಗಂಟು ಇಲ್ಲಿಂದಲೇ ಹೊರಡುತ್ತದೆ, ಇಲ್ಲದಿದ್ದರೆ ಸ್ಕೂಟರ್ ಮಾರಿಬಿಡುವುದು ಎಂದು ಮಾತಾಗಿತ್ತು. ಅದಕ್ಕೇ ಅವನೇ ಅವಳಿಗೆ ಕಲಿಸಿದ್ದ. ಹಿಂದೆ ಕೂತು, ಹೆಗಲು ತಟ್ಟಿ ತಟ್ಟಿ. ಬಲ ಹೆಗಲು ತಟ್ಟಿದರೆ ಬಲಕ್ಕೆ, ಎಡ ಹೆಗಲು ತಟ್ಟಿದರೆ ಎಡಕ್ಕೆ, ಎರಡನ್ನೂ ಒಟ್ಟಿಗೆ ಹಿಡಿದರೆ ಬ್ರೇಕು. ಅವಳೊಬ್ಬಳೇ ಓಡಿಸಿ ನೋಡಲಿ ಎಂಬುದು ಇಬ್ಬರಿಗೂ ಹೊಳೆದೇ ಇರಲಿಲ್ಲ!

"ನಾನು ಹಿಂದೆ ಇದ್ದೀನಿ ಅಂತಲೇ ಅಂದ್ಕೋ. ಯಾವಾಗ್ಲೂ ಬೈಕೊಂಡು ಓಡಿಸ್ತೀಯಲ್ಲ, ಹಾಗೇ ಬೈಕೊಂಡು ಓಡ್ಸು," ಎಂದ ಟೈಲರ್, ಹೆಲ್ಮೆಟ್ ತೆಗೆಯುವುದನ್ನೂ ಮರೆತು.

ಸ್ಕೂಟರ್ ಹೊರಟಿತು. "ರೀ, ಅಲ್ಲಾಡ್ಬೇಡಿ, ನೆಟ್ಟಗೆ ಕೂತ್ಕೊಳ್ಳಿ... ಬಲಕ್ಕೆ ತಾನೇ? ಗೊತ್ತು ಕಣ್ರೀ, ಎಷ್ಟು ಸಲ ತಟ್ತೀರಿ? ಹೆಗಲೋ ತಬಲಾನೋ..." ಖಾಲಿ ಸೀಟನ್ನು ಗದರಿಸುತ್ತಲೇ ಟೈಲರಮ್ಮ ಸುಣ್ಣದ ಗೆರೆಯ ಮೇಲೆ, ಗುರುತು ಹಾಕಿದ ಬಟ್ಟೆಯಲ್ಲಿ ಕತ್ತರಿ ಆಡಿಸಿದಂತೆ, ಎಂಟನ್ನು ಪೂರ್ತಿ ಸುತ್ತಿದಳು. ಸುತ್ತಿದವಳು ನಿಲ್ಲಲಿಲ್ಲ. ಮಾತಾಡಿಕೊಂಡೇ ಗೇಟು ದಾಟಿ ರಸ್ತೆಗೆ ಹೋಗಿಬಿಟ್ಟಳು.

"ಅಯ್ಯೋ, ಯಾಕ್ರೀ ನಿಲ್ಲಿಸ್ಲಿಲ್ಲ?" ಇನ್‌ಸ್ಪೆಕ್ಟರಮ್ಮ ಗಾಬರಿಯಾದಳು.

"ಎರಡೂ ಹೆಗಲು ಹಿಡಿಯೋಕೆ ನಾನು ಹಿಂದೆ ಇರ್ಲಿಲ್ವಲ್ಲ ಮೇಡಂ," ಎಂದು ಟೈಲರ್ ಹಣೆ ಚಚ್ಚಿಕೊಂಡ. ಆಮೇಲೆ ಗೇಟಿನ ಕಡೆಯೇ ನೋಡುತ್ತ ಹೇಳಿದ: "ಹಿಂದೆ ಒಂದ್ಸಲ ಗಿರಾಕಿ ಮನೆ ಮುಂದೆ ಇವಳನ್ನ ಹತ್ತಿಸಿಕೊಳ್ಳೋದು ಮರೆತು ಅಂಗಡಿವರೆಗೂ ಬಂದುಬಿಟ್ಟಿದ್ದೆ. ದಾರಿಯುದ್ದಕ್ಕೂ ಒಂದು ಕಾಲರಿನ ವಿಷಯ ಮಾತಾಡ್ತಾನೇ ಇದ್ದೆ."

"ಬೈದಿರಬೇಕು."

"ತುಟಿ ಬಿಚ್ಚಲಿಲ್ಲ. ಇವತ್ತಿಗೆ ಅಂತ ಇಟ್ಕೊಂಡಿದ್ಲು ಅಂತ ಕಾಣುತ್ತೆ."

ಸ್ಕೂಟರಿನ ಸದ್ದು ಮತ್ತೆ ಕೇಳಿಸಿತು. ಟೈಲರಮ್ಮ ಏದುಸಿರು ಬಿಡುತ್ತ ಒಳಗೆ ಬಂದು, ಇನ್‌ಸ್ಪೆಕ್ಟರಮ್ಮನ ಬೂಟಿನ ಮುಂದೆ ಗೆರೆ ಕೊರೆದಂತೆ ಬ್ರೇಕ್ ಹಾಕಿದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಲ್ಲೇ ಇದ್ದೀರಾ! ತಿರುವಿನಲ್ಲಿ ಏನೋ ಕೇಳಿದೆ, ಉತ್ತರ ಬರಲಿಲ್ಲ. ತಿರುಗಿ ನೋಡಿದ್ರೆ ಸೀಟು ಖಾಲಿ. ಎಲ್ಲಿ ಬಿದ್ದೇಹೋದ್ರೋ ಅಂತ ಜೀವ ಬಾಯಿಗೆ ಬಂತು! ಬ್ರೇಕು ತಾನಾಗೇ ಬಿತ್ತು."

"ಪಾಸು ಅಮ್ಮಾ," ಎಂದಳು ಇನ್‌ಸ್ಪೆಕ್ಟರಮ್ಮ, ಕಣ್ಣಂಚು ಒರೆಸಿಕೊಂಡು ನಗುತ್ತ. "ಇನ್ನು ಅವರನ್ನ ಹತ್ತಿಸ್ಕೊಳ್ಳಿ."

ಟೈಲರ್ ಹಿಂದೆ ಕೂತು, ಇಷ್ಟು ವರ್ಷ ಅವಳ ಮಡಿಲಲ್ಲಿರುತ್ತಿದ್ದ ಬಟ್ಟೆಯ ಗಂಟನ್ನು ತನ್ನ ಮಡಿಲಿಗೆ ಎಳೆದುಕೊಂಡ.

"ಕೂತ್ರಾ?"

"ಕೂತೆ ಕಣೇ, ಹೊರಡು."

ಅವಳು ನಂಬಲಿಲ್ಲ. ಒಂದು ಕೈ ಹಿಂದಕ್ಕೆ ಚಾಚಿ, ಅವನ ಮೊಣಕಾಲನ್ನು ತಡವಿ ನೋಡಿ, ಆಮೇಲೆ ಗಾಡಿ ಬಿಟ್ಟಳು.