ಐವತ್ತೇಳು ಅಂಕದ ಬೆಳವಣಿಗೆ

"ಈ ಹುಡುಗಿಗೆ ನೀವೇನಾದ್ರೂ ಉತ್ತರ ಹೇಳ್ಕೊಟ್ರಾ?" ಮುಖ್ಯೋಪಾಧ್ಯಾಯರು ಬಾಗಿಲು ಮುಂದೆ ಮಾಡಿ ಕೇಳಿದರು. ಮೇಜಿನ ಮೇಲಿದ್ದ ಪಟ್ಟಿಯಲ್ಲಿ ಒಂದು ಸಾಲು ಕೆಂಪಾಗಿತ್ತು. ರಾಜ್ಯಮಟ್ಟದ ಪರೀಕ್ಷೆಯಲ್ಲಿ ಹೋದ ವರ್ಷ ಮೂವತ್ತೊಂದು, ಈ ವರ್ಷ ಎಂಬತ್ತೆಂಟು. ಬೆಳವಣಿಗೆ ಐವತ್ತೇಳು. ಒಂದೇ ವರ್ಷಕ್ಕೆ ಅಷ್ಟು ಬೆಳೆದ ಮಗುವನ್ನು ಕಂಪ್ಯೂಟರ್ ನಂಬುವುದಿಲ್ಲ. ಸಂಜೆಯೊಳಗೆ ಕಾರಣ ಬರೆದು ಕಳಿಸದಿದ್ದರೆ ಅವಳ ಫಲಿತಾಂಶ ರದ್ದು.

"ಇಲ್ಲ ಸರ್," ಎಂದಳು ಐದನೇ ತರಗತಿಯ ಟೀಚರ್. ಹೇಳಿದ ಮೇಲೆ ನೆನಪಾಯಿತು. ಪರೀಕ್ಷೆಯ ದಿನ ಕಿಟಕಿ ಮುಚ್ಚಲು ಹೋಗಿ ಆ ಹುಡುಗಿಯ ಬೆಂಚಿನ ಬಳಿ ಅರೆಗಳಿಗೆ ನಿಂತಿದ್ದಳು. ನಿಂತದ್ದಷ್ಟೇ. ಆದರೂ ಮಾಡದ ತಪ್ಪನ್ನು ತನ್ನೊಳಗೇ ಹುಡುಕಿಕೊಳ್ಳುವುದು ಅವಳ ಹುಟ್ಟುಗುಣ. ಸಂಜೆ ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟದ್ದು ಫಲ ಕೊಟ್ಟಿತೆಂದು ಬೆಳಗ್ಗೆ ತಾನೇ ಒಳಗೊಳಗೇ ಬೀಗಿದ್ದಳು ಬೇರೆ.

ಹುಡುಗಿಯನ್ನು ಕರೆಸಿದರು. ತರಗತಿಯಲ್ಲಿದ್ದ ಅವಳಿ ಮಕ್ಕಳಲ್ಲಿ ಇವಳು ದೊಡ್ಡವಳು, ಏಳು ನಿಮಿಷಕ್ಕೆ. ಬಂದವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಹೆದರ್ಬೇಡ ಪುಟ್ಟಿ," ಎಂದಳು ಟೀಚರ್. "ಹೋದ ವರ್ಷ ಪರೀಕ್ಷೆ ದಿನ ಹುಷಾರಿರ್ಲಿಲ್ವಾ?"

"ಇದ್ದೆ ಮಿಸ್."

"ಮತ್ತೆ ಉತ್ತರ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನನ್ನ ತಂಗಿಗೆ ಬರದೇ ಇರೋದನ್ನೆಲ್ಲ ಬಿಟ್ಟೆ." ಹುಡುಗಿಯ ದನಿ ಸಣ್ಣಗಾಯಿತು. "ಜಾಸ್ತಿ ಮಾರ್ಕ್ಸ್ ಬಂದೋರು ಮಹಡಿ ಮೇಲಿನ ರೂಮು, ಕಮ್ಮಿ ಬಂದೋರು ಕೆಳಗಿನ ರೂಮು ಅಂದಿದ್ರಲ್ಲ. ಅವಳೊಬ್ಳೇ ಆದ್ರೆ ಅಳ್ತಾಳೆ ಮಿಸ್."

"ಅವಳಿಗೆ ಯಾವುದು ಬರಲ್ಲ ಅಂತ ನಿಂಗೆ ಹೇಗೆ ಗೊತ್ತು?"

"ಮನೇಲಿ ಹೇಳ್ಕೊಡೋದು ನಾನೇ ಅಲ್ವಾ?"

"ಈ ಸಲ ಯಾಕೆ ಎಲ್ಲಾ ಬರೆದೆ?"

"ಅವಳೇ ಬಿಡ್ಲಿಲ್ಲ. ಒಂದು ಉತ್ತರ ಬಿಟ್ರೂ ಜನ್ಮಪೂರ್ತಿ ಟೂ ಬಿಡ್ತೀನಿ ಅಂದ್ಲು."

ಹುಡುಗಿಯನ್ನು ಹೊರಗೆ ಕಳಿಸಿ ಮುಖ್ಯೋಪಾಧ್ಯಾಯರು ನಿಟ್ಟುಸಿರು ಬಿಟ್ಟರು. "ಅದೆಲ್ಲ ಬರೀಬೇಡಿ ಮತ್ತೆ. ಟೀಚರ್ ವಿಶೇಷ ಗಮನ ಕೊಟ್ರು ಅಂತ ಬರೀರಿ, ಸಾಕು. ಮುಂದಿನ ವರ್ಷ ನಿಮ್ಮನ್ನ ಇಟ್ಕೊಳ್ತಾರೋ ಇಲ್ವೋ ಅನ್ನೋದು ಈ ಬೆಳವಣಿಗೆ ಅಂಕದ ಮೇಲೇ ನಿಂತಿದೆ. ಮನೆ ಬಾಗಿಲಿಗೆ ಬಂದ ಭಾಗ್ಯಾನ ಕಾಲಲ್ಲಿ ಒದೀತೀರಾ?"

ಟೀಚರಿಗೂ ಅದು ಗೊತ್ತಿತ್ತು. ಈ ಐವತ್ತೇಳನ್ನು ತೆಗೆದರೆ ಅವಳ ತರಗತಿಯ ಸರಾಸರಿ ಬೇಕಾದ ಗೆರೆಗಿಂತ ಕೆಳಗಿಳಿಯುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಕೊನೆಗೆ ಒಂದೊಂದೇ ಪದ ತೂಗಿ ಬರೆದಳು: 'ಹೋದ ವರ್ಷದ್ದು ಇವಳ ನಿಜವಾದ ಅಂಕವಲ್ಲ. ತಂಗಿಯ ಜೊತೆಗಿರಲು ಬೇಕೆಂದೇ ಉತ್ತರ ಬಿಟ್ಟಿದ್ದಳು. ಈ ವರ್ಷದ್ದು ಇವಳದೇ. ಈ ಬೆಳವಣಿಗೆಯನ್ನು ನನ್ನ ಕೆಲಸವೆಂದು ಎಣಿಸಬಾರದು.' ಸಹಿ ಹಾಕಿದಳು.

"ನಿಮಗೆ ಹೇಳೋದೂ ಒಂದೇ, ಬೋರ್ಗಲ್ಲ ಮೇಲೆ ನೀರು ಸುರಿಯೋದೂ ಒಂದೇ," ಎಂದರು ಮುಖ್ಯೋಪಾಧ್ಯಾಯರು. ಆದರೆ ಕಾಗದವನ್ನು ಹರಿಯಲಿಲ್ಲ, ಲಕೋಟೆಗೆ ಹಾಕಿದರು.

ಟೀಚರ್ ಹೊರಗೆ ಬಂದಾಗ ಚಿಕ್ಕವಳು ಇಬ್ಬರ ಚೀಲವನ್ನೂ ಹೆಗಲಿಗೇರಿಸಿಕೊಂಡು ಕಾಯುತ್ತಿದ್ದಳು. ದೊಡ್ಡವಳು ಕಂಬಕ್ಕೊರಗಿ ಮೂಗೊರೆಸಿಕೊಳ್ಳುತ್ತಿದ್ದಳು. ಟೀಚರ್ ಚಿಕ್ಕವಳ ಮುಂದೆ ಬಗ್ಗಿ ಕೇಳಿದಳು, "ಮುಂದಿನ ವರ್ಷ ಅಕ್ಕ ಮೇಲೆ, ನೀನು ಕೆಳಗೆ ಒಬ್ಳೇ. ಹೆದ್ರಿಕೆ ಆಗಲ್ವಾ?"

ಚಿಕ್ಕವಳು ಅಕ್ಕನ ಕಡೆ ಒಮ್ಮೆ ನೋಡಿ, ಟೀಚರ್ ಕಿವಿಗೆ ಬಾಯಿ ತಂದಳು.

"ನಂಗಲ್ಲ ಮಿಸ್, ಅವಳಿಗೇ ಹೆದ್ರಿಕೆ. ಅವಳನ್ನ ಬಾಗಿಲ ಪಕ್ಕ ಕೂರ್ಸೋಕೆ ಹೇಳಿ. ನೀರು ಕುಡಿಯೋ ನೆಪದಲ್ಲಿ ಮೆಟ್ಟಿಲು ಹತ್ತಿ ಬಂದು ದಿನಾ ಒಂದ್ಸಲ ಕಾಣಿಸ್ಕೊಂಡು ಹೋಗ್ತೀನಿ."